ಕಾರ್ಡುಗಳ ಹಿಂಬದಿ

ರದ್ದಿಯವನ ಗಾಡಿ ಬಂದಾಗ ಬೆಳಿಗ್ಗೆ ಹತ್ತೂವರೆ. ಹದಿನಾಲ್ಕು ಕಬ್ಬಿಣದ ಡ್ರಾಯರುಗಳನ್ನು ಒಂದೊಂದಾಗಿ ಮೆಟ್ಟಿಲಿಳಿಸಿ ಅಂಗಳದಲ್ಲಿ ಬೋರಲು ಹಾಕಿದರು. ಕಾರ್ಡುಗಳು ದಬದಬ ಸುರಿದವು. ಅಕ್ಕ ಮೊದಲ ಮಹಡಿಯ ಕಿಟಕಿಯಲ್ಲಿ ನಿಂತು ನೋಡಿದಳು. ಅವಳ ತಮ್ಮ ಕೆಳಗೆ ನಿಂತು, ಚೀಲ ತುಂಬುತ್ತಿದ್ದವರಿಗೆ "ಬೇಗ, ಬೇಗ" ಎನ್ನುತ್ತಿದ್ದ. ಒಮ್ಮೆಯೂ ತಲೆಯೆತ್ತಲಿಲ್ಲ. ಅಕ್ಕ ನೋಡುತ್ತಿದ್ದಾಳೆಂದು ಗೊತ್ತಿದ್ದೇ ಎತ್ತಲಿಲ್ಲ.

ಅದು ಲಿಫ್ಟ್ ರಿಪೇರಿ ಕಂಪನಿ. ಊರಿನ ನಾನೂರ ಹನ್ನೆರಡು ಲಿಫ್ಟುಗಳ ಉಸ್ತುವಾರಿ ಅವರದು. ಅಪ್ಪ ಶುರು ಮಾಡಿದ್ದು. ಅಪ್ಪ ಹೋದ ಮೇಲೆ ಮಾಲೀಕನ ಕುರ್ಚಿ ತಮ್ಮನಿಗೆ ಬಂತು, ಫೋನಿನ ಮುಂದಿನ ಕುರ್ಚಿ ಅಕ್ಕನಿಗೆ ಉಳಿಯಿತು. ಹತ್ತೊಂಬತ್ತು ವರ್ಷ ಅವಳು ಅಲ್ಲೇ ಕೂತಿದ್ದಳು. ಎಲ್ಲಾದರೂ ಲಿಫ್ಟ್ ನಿಂತರೆ ಜನ ಅವಳಿಗೆ ಫೋನ್ ಮಾಡುತ್ತಿದ್ದರು. ಅವಳು ಡ್ರಾಯರಿನಿಂದ ಆ ಲಿಫ್ಟಿನ ಕಾರ್ಡು ತೆಗೆದು ನೋಡಿ, ಯಾವ ಮೆಕ್ಯಾನಿಕ್ ಹೋಗಬೇಕೆಂದು ಹೇಳುತ್ತಿದ್ದಳು. ಕಾರ್ಡಿನ ಮುಂಬದಿಯಲ್ಲಿ ವಿಳಾಸ, ಮೋಟಾರಿನ ಜಾತಿ, ಹಾಕಿದ ವರ್ಷ. ಹಿಂಬದಿಯಲ್ಲಿ ಪೆನ್ಸಿಲಿನ ಸಣ್ಣ ಅಕ್ಷರಗಳಲ್ಲಿ ಅವಳದೇ ಟಿಪ್ಪಣಿ: 'ಇದಕ್ಕೆ ಮುನಿಯನ್ನೇ ಕಳಿಸಬೇಕು.' 'ಮೇಲಿನ ಕೋಣೆಯ ಬೀಗದ ಕೈ ಎದುರಿನ ದರ್ಜಿಯ ಹತ್ತಿರ.' 'ಮೂರನೇ ಮಹಡಿಯ ಬಾಗಿಲು ಮುಚ್ಚಿದೆ ಅನಿಸುತ್ತದೆ, ಮುಚ್ಚಿರುವುದಿಲ್ಲ.'

ಮೆಕ್ಯಾನಿಕ್‌ಗಳು ಅವಳನ್ನು ಅಕ್ಕ ಎನ್ನುತ್ತಿದ್ದರು. ಗಿರಾಕಿಗಳೂ ಅಕ್ಕ ಎನ್ನುತ್ತಿದ್ದರು. ಕಂಪನಿಯ ಹೆಸರು ಮರೆತವರಿಗೂ ಅಕ್ಕನ ನಂಬರ್ ಬಾಯಿಪಾಠವಾಗಿತ್ತು. ತಮ್ಮನಿಗೆ ಚುಚ್ಚುತ್ತಿದ್ದದ್ದು ಇದೇ ಎಂದು ಅವಳ ನಂಬಿಕೆ.

ಆದರೆ ತಮ್ಮನ ಬಳಿ ಬೇರೆ ಕಾರಣಗಳೂ ಇದ್ದವು, ಅವು ಸುಳ್ಳಾಗಿರಲಿಲ್ಲ. ಗಾಡಿ ಬರುವುದಕ್ಕೆ ಎರಡು ತಿಂಗಳ ಹಿಂದೆ ಅವನು ಅವಳ ಮೇಜಿನ ಮುಂದೆ ನಿಂತು ಅವನ್ನು ಹೇಳಿದ್ದ.

"ನೀನು ಜ್ವರ ಬಂದು ಎಂಟು ದಿನ ಮಲಗಿದ್ದೆ. ಆ ಎಂಟು ದಿನ ಕಂಪನಿಯೂ ಮಲಗಿತ್ತು. ಯಾವ ಲಿಫ್ಟಿಗೆ ಯಾರು, ಯಾವ ಕೀಲಿ ಎಲ್ಲಿ, ಒಬ್ಬನಿಗೂ ಗೊತ್ತಿಲ್ಲ. ಒಬ್ಬರು ಅಜ್ಜಿ ಎರಡು ಗಂಟೆ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ರು. ಆ ಬಡಾವಣೆಯ ಇಪ್ಪತ್ತೆರಡು ಲಿಫ್ಟೂ ಕೈಬಿಟ್ಟು ಹೋಯ್ತು."

"ಕಾರ್ಡು ತೆಗೆದು ನೋಡಿದ್ರೆ ಆಗ್ತಿತ್ತು."

"ನೋಡಿದೆ. ನಿನ್ನ ಅಕ್ಷರ ನಿನಗೊಬ್ಬಳಿಗೇ ಓದೋಕೆ ಬರೋದು."

"ಹತ್ತೊಂಬತ್ತು ವರ್ಷದಲ್ಲಿ ಕಲೀಬಹುದಿತ್ತು."

"ಕಲಿಸ್ಬಹುದಿತ್ತು," ಎಂದ ತಮ್ಮ. "ಬೇಕಂತಲೇ ಕಲಿಸಲಿಲ್ಲ ನೀನು. ಎಲ್ಲಾ ನಿನ್ನ ತಲೇಲೇ ಇದ್ರೆ ಯಾರೂ ನಿನ್ನ ಅಲ್ಲಾಡಿಸೋ ಹಾಗಿಲ್ಲ, ಅಲ್ವಾ?"

ಮೆಕ್ಯಾನಿಕ್‌ಗಳ ಎದುರಿಗೇ ಹೇಳಿದ. ಅವತ್ತಿನಿಂದ ಅಕ್ಕ ಅವನೊಂದಿಗೆ ಹೌದು, ಇಲ್ಲ, ಸರಿ ಎಂಬ ಮೂರೇ ಮಾತಿನಲ್ಲಿ ವ್ಯವಹಾರ ಮುಗಿಸತೊಡಗಿದಳು.

ಮರುವಾರ ಸಾಫ್ಟ್‌ವೇರಿನ ಹೆಂಗಸು ಬಂದಳು. ಗೋಡೆಗೆ ದೊಡ್ಡ ಪರದೆ ಹಾಕಿಸಿದಳೆಂದು ಮೆಕ್ಯಾನಿಕ್‌ಗಳು ಅವಳಿಗೆ ಪರದೆಯಮ್ಮ ಎಂದು ಹೆಸರಿಟ್ಟರು. ಇಬ್ಬರನ್ನು ಕೂರಿಸಿಕೊಂಡು ಕಾರ್ಡುಗಳ ಮುಂಬದಿಯನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದಳು. ಮೂರನೆಯ ದಿನ ಒಂದು ಕಾರ್ಡನ್ನು ತಿರುಗಿಸಿ ಬೆಳಕಿಗೆ ಹಿಡಿದಳು.

"ಮೇಡಂ, ಹಿಂದೆ ಪೆನ್ಸಿಲಲ್ಲಿ ಏನೋ ಬರೆದಿದ್ದೀರಲ್ಲ? ಇದನ್ನೂ ಹಾಕಬೇಕಾ?"

ಅಕ್ಕ ಬಾಯಿ ತೆರೆಯುವ ಮೊದಲೇ ತಮ್ಮ ಬಾಗಿಲಿನಿಂದ ನಕ್ಕ. "ಅದು ಅಕ್ಕನ ಪುರಾಣ. ಯಾವ ಮನೆಯಾಕೆ ಜಗಳಗಂಟಿ, ಯಾವ ವಾಚ್‌ಮನ್‌ಗೆ ಕಿವಿ ಮಂದ, ಅದೆಲ್ಲ. ಬಿಟ್ಟಾಕಿ."

ಪರದೆಯಮ್ಮ ಆದರೂ ಅಕ್ಕನ ಮುಖ ನೋಡಿದಳು. "ಮೇಡಂ?"

ಅಕ್ಕ ಫೋನಿನ ವೈರನ್ನು ನೆಟ್ಟಗೆ ಮಾಡುತ್ತಾ, "ಏನಿಲ್ಲ ಬಿಡಿ. ಅದರಲ್ಲೇನೂ ಇಲ್ಲ," ಎಂದಳು.

ಹಾಗಾಗಿ ಹಿಂಬದಿ ರದ್ದಿಗೆ ಹೋಯಿತು.

ಹೊಸ ಏರ್ಪಾಡು ಸರಳವಾಗಿತ್ತು. ದೂರು ಬಂದ ತಕ್ಷಣ ಪರದೆಯ ಮೇಲೆ ಕೆಂಪು ಚುಕ್ಕಿ. ಹತ್ತಿರದಲ್ಲಿ ಬಿಡುವಾಗಿರುವ ಮೆಕ್ಯಾನಿಕ್ ಯಾರೋ ಅವನ ಮೊಬೈಲಿಗೆ ತಾನಾಗಿಯೇ ಸಂದೇಶ. ಅವನು ಅಲ್ಲಿ ಹೋಗಿ 'ತಲುಪಿದೆ' ಒತ್ತಬೇಕು, ಕೆಲಸವಾದ ಮೇಲೆ 'ಮುಗಿಯಿತು' ಒತ್ತಬೇಕು. ಅಕ್ಕನ ಕುರ್ಚಿಯನ್ನು ಪರದೆಯ ಪಕ್ಕಕ್ಕೆ ಸರಿಸಿದರು. ಫೋನ್ ಮಾಡಿದವರಿಗೆ, "ಇಂಥವರು ಇಷ್ಟು ನಿಮಿಷದಲ್ಲಿ ಬರ್ತಾರೆ" ಎಂದು ಪರದೆ ನೋಡಿ ಓದಿ ಹೇಳುವುದು ಅವಳ ಕೆಲಸ. ಓದು ಬಂದ ಯಾರಾದರೂ ಮಾಡಬಹುದಾದ ಕೆಲಸ.

ಮೂರು ತಿಂಗಳಾದ ಮೇಲೆ ತಮ್ಮ ಎಲ್ಲರನ್ನೂ ಕರೆದು ನಿಲ್ಲಿಸಿದ. ಮೊದಲು ಮೆಕ್ಯಾನಿಕ್ ತಲುಪಲು ಸರಾಸರಿ ಎಪ್ಪತ್ತು ನಿಮಿಷ ಹಿಡಿಯುತ್ತಿತ್ತು, ಈಗ ಇಪ್ಪತ್ತಾರು. ಮೊದಲು ದಿನಕ್ಕೆ ಮೂವತ್ತು ದೂರು ಮುಗಿಯುತ್ತಿದ್ದವು, ಈಗ ನಲವತ್ತನಾಲ್ಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿರಿಯ ಮೆಕ್ಯಾನಿಕ್ ಮಾತ್ರ ಕೈ ಕಟ್ಟಿಕೊಂಡು ನಿಂತಿದ್ದ. ಅವನು ವಾರಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದಕ್ಕೇ ಅವನಿಗೆ ಮುನಿ ಎಂಬ ಹೆಸರು.

ಅಕ್ಕ ಚಪ್ಪಾಳೆ ತಟ್ಟಿದಳು. ಜೋರಾಗಿಯೇ ತಟ್ಟಿದಳು. ನಲವತ್ತನಾಲ್ಕು ಹೇಗಾಯಿತೆಂದು ಅವಳಿಗೆ ಗೊತ್ತಿತ್ತು. ಒಂದೇ ಲಿಫ್ಟು ತಿಂಗಳಿಗೆ ಐದು ಸಲ ನಿಲ್ಲುತ್ತಿತ್ತು. ಐದು ಸಲವೂ ಹತ್ತಿರದವನು ಯಾರೋ ಓಡಿಹೋಗಿ, ಬಟನ್ ಒತ್ತಿ, ಸ್ವಿಚ್ಚು ಆರಿಸಿ ಹಾಕಿ, 'ಮುಗಿಯಿತು' ಒತ್ತಿ ಬರುತ್ತಿದ್ದ. ಪರದೆಯ ಲೆಕ್ಕದಲ್ಲಿ ಅದು ಐದು ಗೆಲುವು. ಕೆಟ್ಟದ್ದು ಕೆಟ್ಟೇ ಇದ್ದರೆ ಕಂಪನಿಗೆ ಅಂಕ ಜಾಸ್ತಿ. ಇದನ್ನು ಒಂದು ಮಾತಿನಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ತಮ್ಮ ಗೋಡೆಗೆ ಆನಿಕೊಂಡು ಬೀಗುತ್ತಿದ್ದುದನ್ನು ನೋಡಿ, 'ಹತ್ತು ಹತ್ತು, ಇನ್ನೂ ಮೇಲೆ ಹತ್ತು' ಎಂದುಕೊಂಡಳು.

ಅದಾಗಿ ಐದು ವಾರಕ್ಕೆ, ಬೆಳಿಗ್ಗೆ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ, ಕಣ್ಣಿನ ಆಸ್ಪತ್ರೆಯ ಲಿಫ್ಟು ನಿಂತಿತು. ಒಳಗೆ ಯಾರೂ ಇರಲಿಲ್ಲ. ಪರದೆಯ ಮೇಲೆ ಚುಕ್ಕಿ ಹೊತ್ತಿ, ಪಕ್ಕದಲ್ಲಿ ಹೆಸರು ಬಂತು: ಗುಬ್ಬಿ.

ಗುಬ್ಬಿ ಮೂವತ್ತೆರಡರ ಸಣಕಲ ಗಂಡಸು. ಎಂಥ ಇಕ್ಕಟ್ಟಿನ ಕಿಂಡಿಯಲ್ಲೂ ತೂರುತ್ತಾನೆಂದು ಆ ಹೆಸರು. ಕಂಪನಿಗೆ ಬಂದು ಒಂದು ವರ್ಷವಾಗಿತ್ತು. ಆಸ್ಪತ್ರೆಯಿಂದ ಎರಡು ರಸ್ತೆ ಆಚೆಗಿದ್ದ.

ಆ ಲಿಫ್ಟಿನ ಕಾರ್ಡಿನ ಹಿಂದೆ ಅಕ್ಕ ಪೆನ್ಸಿಲಿನಲ್ಲಲ್ಲ, ಕೆಂಪು ಪೆನ್ನಿನಲ್ಲಿ ಬರೆದಿದ್ದಳು. ಹಿಂದೆ ಯಾವನೋ ಎಲೆಕ್ಟ್ರಿಷಿಯನ್ ಅಲ್ಲಿ ವೈರುಗಳನ್ನು ಅಡ್ಡಾದಿಡ್ಡಿ ಜೋಡಿಸಿದ್ದ. ನೆಲಮಾಳಿಗೆಯ ಮೇನ್ ಸ್ವಿಚ್ ಆರಿಸಿದರೆ ಎರಡು ಮೂರು ನಿಮಿಷಕ್ಕೆ ಜನರೇಟರ್ ತಾನಾಗಿ ಶುರುವಾಗಿ ಲಿಫ್ಟಿಗೆ ಕರೆಂಟು ಕೊಡುತ್ತಿತ್ತು. ವಾಚ್‌ಮನ್ ಕೋಣೆಯಲ್ಲಿರುವ ಇನ್ನೊಂದು ಸ್ವಿಚ್ಚನ್ನೂ ಆರಿಸದೆ ಲಿಫ್ಟಿನ ಕೆಳಗಿರುವ ತಳದ ಗುಂಡಿಗೆ ಇಳಿಯಬಾರದು. ಸರಿಪಡಿಸಿ ಎಂದು ಆಸ್ಪತ್ರೆಗೆ ಎರಡು ಸಲ ಕಾಗದ ಬರೆದಿದ್ದಳು. ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ಅಲ್ಲಿಗೆ ಅವಳು ಮುನಿಯನ್ನಲ್ಲದೆ ಬೇರೆಯವರನ್ನು ಕಳಿಸುತ್ತಿರಲಿಲ್ಲ. ಹೊಸ ಏರ್ಪಾಡು ಬಂದ ಮೇಲೆ ಆರು ಸಲ ಬೇರೆಯವರು ಹೋಗಿಬಂದಿದ್ದರು. ಯಾರೂ ಗುಂಡಿಗೆ ಇಳಿದಿರಲಿಲ್ಲ, ಅದಕ್ಕೇ ಬದುಕಿದ್ದರು. ಗುಬ್ಬಿ ಮಾತ್ರ ಕೆಲಸಗಳ್ಳನಲ್ಲ. ಅವನು ಇಳಿಯುತ್ತಾನೆ.

ಅಕ್ಕನ ಕೈ ಫೋನಿನ ಮೇಲಿತ್ತು.

ಅವಳು ಎತ್ತಲಿಲ್ಲ. ಪರದೆಗೆ ಎಲ್ಲಾ ಗೊತ್ತಲ್ಲ, ಅದೇ ಹೇಳಲಿ ಎಂದುಕೊಂಡಳು. ಮೇಜು ಒರೆಸಿದಳು. ನೀರು ಕುಡಿದಳು. ಗುಬ್ಬಿ ವಾಚ್‌ಮನ್‌ನನ್ನು ಕೇಳಿಯೇ ಕೇಳುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. 'ತಲುಪಿದೆ' ಎಂದು ಪರದೆ ಹಸಿರಾಯಿತು. ಒಂಬತ್ತು ನಿಮಿಷ ಎಂದು ಅಂದಾಜಿದ್ದ ಜಾಗಕ್ಕೆ ಅವನು ನಾಲ್ಕೇ ನಿಮಿಷದಲ್ಲಿ ಹೋಗಿದ್ದ. ಆಮೇಲೂ ಎರಡು ನಿಮಿಷ ಕೂತಿದ್ದು ಫೋನ್ ಎತ್ತಿದಳು.

ಗುಬ್ಬಿಯ ಮೊಬೈಲು ಹೊಡೆದುಕೊಂಡಿತು, ಅವನು ಎತ್ತಲಿಲ್ಲ. ವಾಚ್‌ಮನ್‌ಗೆ ಮಾಡಿದಳು.

"ಅವರು ಕೆಳಗೆ ಇಳಿದ್ರಲ್ಲ ಅಕ್ಕ, ಈಗಷ್ಟೇ..."

"ನಿನ್ನ ರೂಮಿನ ಸ್ವಿಚ್ ಆರಿಸು. ಓಡು!"

ಅವನು ಫೋನನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. ಜನರೇಟರ್ ಗುಡುಗಿದ ಸದ್ದು ಕೇಳಿಸಿತು. ಆಮೇಲೆ ಕೇಳಿಸಿದ್ದು ಗುಬ್ಬಿಯ ದನಿ ಎಂದು ಅವಳಿಗೆ ಮೊದಲು ಗುರುತು ಹತ್ತಲೇ ಇಲ್ಲ.

ತಳದಲ್ಲಿ ಉಕ್ಕಿನ ಹಗ್ಗ ಸುತ್ತುವ ಗಾಲಿಯನ್ನು ಅವನು ಒರೆಸುತ್ತಿದ್ದ. ಹಗ್ಗ ಓಡಿ ಅವನ ಬಲಗೈಯನ್ನು ಎಳೆದುಕೊಂಡಿತ್ತು. ವೈದ್ಯರು ಹೆಬ್ಬೆರಳು ಮತ್ತು ಕಿರುಬೆರಳು ಉಳಿಸಿದರು. ನಡುವಿನ ಮೂರು ಹೋದವು.

ಮಧ್ಯಾಹ್ನ, ಅವನನ್ನು ಸೇರಿಸಿದ್ದ ದೊಡ್ಡಾಸ್ಪತ್ರೆಯ ಮೊಗಸಾಲೆಯಲ್ಲಿ ಗುಬ್ಬಿಯ ಹೆಂಡತಿ ಅಕ್ಕನ ಎರಡೂ ಕೈ ಹಿಡಿದುಕೊಂಡು, "ನೀವು ಫೋನ್ ಮಾಡಿದ್ದಕ್ಕೆ ಜೀವ ಉಳೀತಂತೆ ಅಕ್ಕ," ಎಂದು ಅತ್ತಳು. ಅಕ್ಕ ಕೈ ಬಿಡಿಸಿಕೊಳ್ಳಲೂ ಆಗದೆ, ಹಾಗೇ ಇರಲೂ ಆಗದೆ ನಿಂತಳು.

ಮರುದಿನ ತಮ್ಮ ತನ್ನ ಕೋಣೆಗೆ ಕರೆದ. ಪರದೆಯಮ್ಮನೂ ಇದ್ದಳು. ಅವನು ಒಂದು ಹಾಳೆಯನ್ನು ಮೇಜಿನ ಮೇಲೆ ತಳ್ಳಿದ.

"ಓದು."

ಯಂತ್ರ ಬರೆದಿಟ್ಟುಕೊಂಡ ವೇಳೆಗಳು ಅವು. ಹನ್ನೊಂದು ನಾಲ್ಕು, ದೂರು. ಹನ್ನೊಂದು ಎಂಟು, ತಲುಪಿದೆ. ಹನ್ನೊಂದು ಹತ್ತು, ಮೇಜಿನಿಂದ ಮೊದಲ ಕರೆ.

"ಆರು ನಿಮಿಷ," ಎಂದ ತಮ್ಮ. "ಹೆಸರು ಬಂದ ಕೂಡ್ಲೇ ನಿನಗೆ ಗೊತ್ತಿತ್ತು. ಗೊತ್ತಿತ್ತು ಅಂತ ವಾಚ್‌ಮನ್ ಹೇಳ್ದ. ಹಿಂದೆ ನೀನೇ ಅವನಿಗೆ ಹತ್ತು ಸಲ ಆ ಸ್ವಿಚ್ ವಿಷಯ ಹೇಳಿದ್ದೀಯಂತೆ. ಆರು ನಿಮಿಷ ಏನು ಮಾಡ್ತಿದ್ದೆ?"

"ಕಾರ್ಡಿನ ಹಿಂದೆ ಬರೆದಿದ್ದೆ. ಕೆಂಪು ಅಕ್ಷರದಲ್ಲಿ. ಕಾರ್ಡು ಎಲ್ಲಿ?"

"ಕಾರ್ಡಿನ ಮಾತು ಬೇಡ."

"ರದ್ದಿಗೆ ಹಾಕಿದವನು ನೀನು. ಪುರಾಣ ಅಂದವನು ನೀನು."

"ಏನೂ ಇಲ್ಲ ಅಂದವಳು ನೀನು!" ತಮ್ಮ ಮೇಜು ಗುದ್ದಿದ. "ಅವರು ಕೇಳಿದ್ರು, ನಿನ್ನ ಮುಖ ನೋಡಿ ಕೇಳಿದ್ರು. ಏನೂ ಇಲ್ಲ ಅಂದೆ. ನನ್ನ ಮೇಲಿನ ಸಿಟ್ಟಿಗೆ ಅವನ ಕೈ ತಿಂದೆಯಲ್ಲೇ!"

ಪರದೆಯಮ್ಮ ನಡುವೆ ಬಾಯಿ ಹಾಕಿದಳು. "ಸರ್, ಹಿಂಬದಿ ಇದೆ ಅಂತ ಗೊತ್ತಿದ್ದೂ ನಾನು ಬಿಟ್ಟೆ. ಆ ತಪ್ಪು ನಂದು. ಇನ್ನೊಂದನ್ನೂ ನೋಡಿ." ಅವಳು ಎರಡನೆಯ ಹಾಳೆ ಇಟ್ಟಳು. "ಇದೇ ಲಿಫ್ಟಿಗೆ ನಾಲ್ಕು ತಿಂಗಳಲ್ಲಿ ಆರು ಸಲ ಹೋಗಿದ್ದೀವಿ. ಆರು ಸಲವೂ ಮುಗಿಯಿತು ಅಂತಿದೆ. ಇಂಥವು ಎಂಬತ್ತೊಂದು ಲಿಫ್ಟುಗಳಿವೆ. ನಾವು ಬೇಗ ಹೋಗ್ತಿದ್ದೀವಿ ಸರ್. ರಿಪೇರಿ ಮಾಡ್ತಿಲ್ಲ."

ತಮ್ಮ ಆ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಆಮೇಲೆ ತಲೆಯೆತ್ತದೆಯೇ, "ನೀನು ನಾಳೆಯಿಂದ ಬರೋದು ಬೇಡ," ಎಂದ ಅಕ್ಕನಿಗೆ.

ಅವಳು ಹೋದಳು. ಕಂಪನಿಯೂ ಜಾರತೊಡಗಿತು. ಕಣ್ಣಿನ ಆಸ್ಪತ್ರೆ ಬಿಟ್ಟುಹೋಯಿತು, ಹಿಂದೆಯೇ ಎರಡು ದೊಡ್ಡ ಕಟ್ಟಡಗಳು ಹೋದವು. ಮೆಕ್ಯಾನಿಕ್‌ಗಳು ಗುಂಡಿಗೆ ಇಳಿಯಲು ಹಿಂದೆಮುಂದೆ ನೋಡಿದರು. ಒಂದು ಸೋಮವಾರ ಮುನಿ ತನ್ನ ವಾರದ ಹತ್ತೂ ಮಾತುಗಳನ್ನು ಒಟ್ಟಿಗೇ ಆಡಿದ: "ಅಕ್ಕನ್ನ ಕೇಳದೆ ಇನ್ಮೇಲೆ ನಾನು ಯಾವ ಗುಂಡಿಗೂ ಇಳಿಯಲ್ಲ ಸಾರ್. ಬೇಕಾದ್ರೆ ಬಿಡಿಸಿಬಿಡಿ." ತಮ್ಮ ಅವನನ್ನೂ ಬಿಡಿಸಲಿಲ್ಲ, ಅಕ್ಕನನ್ನೂ ಕೇಳಲಿಲ್ಲ.

ಎರಡು ತಿಂಗಳ ಮೇಲೆ ಅಕ್ಕನ ಮನೆಯ ಬಾಗಿಲು ಬಡಿದವನು ಗುಬ್ಬಿ. ಬಲಗೈಗೆ ಚರ್ಮದ ಗವಸು. ಹಿಂದೆ ಪರದೆಯಮ್ಮ ನಿಂತಿದ್ದಳು. ಅಕ್ಕ ಒಳಗೆ ಕರೆದಳು. ಅವನು ಹೊಸ್ತಿಲಾಚೆಯೇ ನಿಂತ.

"ಕೂತು ಮಾತಾಡೋಕೆ ಬಂದಿಲ್ಲ. ನಿಮ್ಮ ಕುರ್ಚೀಲಿ ಈಗ ನನ್ನ ಕೂರಿಸಿದ್ದಾರೆ. ಇನ್ನೇನು ಕೆಲಸ ಮಾಡೋಕಾಗತ್ತೆ ನನ್ನ ಕೈಲಿ? ಪರದೆ ಹೆಸರು ಹೇಳ್ದಾಗೆಲ್ಲ, ಯಾರನ್ನ ಸಾಯೋಕೆ ಕಳಿಸ್ತಿದ್ದೀನೋ ಅನಿಸತ್ತೆ. ಕಾರ್ಡಿದ್ದ ನಾನೂರ ಹನ್ನೆರಡೂ ಬರೆಸಿ. ಒಂದೂ ಬಿಡಬಾರ್ದು."

"ನನ್ನ ತಮ್ಮ..."

"ನಿಮ್ಮ ತಮ್ಮ ಮಧ್ಯಾಹ್ನ ಎರಡರಿಂದ ಐದರವರೆಗೆ ಆಫೀಸಲ್ಲಿ ಇರಲ್ಲ. ಅಷ್ಟಕ್ಕೆ ಒಪ್ಪಿದ್ದಾರೆ. ನೀವೂ ಒಪ್ಪಿ."

ಏಳು ವಾರ ಹಿಡಿಯಿತು. ಅಕ್ಕ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು, ಗುಬ್ಬಿ ಎಡಗೈಯ ಒಂದು ಬೆರಳಿನಿಂದ ಟಕ್ ಟಕ್ ಎಂದು ಒತ್ತುತ್ತಿದ್ದ. ಪರದೆಯಮ್ಮ ಪ್ರತಿ ಲಿಫ್ಟಿಗೂ ಹೊಸ ಪುಟ ಮಾಡಿದ್ದಳು. ಅಪಾಯವಿರುವ ಕಡೆ, ಅದನ್ನು ಓದಿದೆ ಎಂದು ಒತ್ತದ ಹೊರತು ಮೆಕ್ಯಾನಿಕ್‌ಗೆ 'ತಲುಪಿದೆ' ಒತ್ತಲು ಬರುತ್ತಿರಲಿಲ್ಲ. ಸಂಜೆ ಮೆಕ್ಯಾನಿಕ್‌ಗಳು ಬಂದು ಅವಳು ಹೇಳಿದ್ದನ್ನು ಓದುತ್ತಿದ್ದರು, ತಿದ್ದುತ್ತಿದ್ದರು.

ತಿದ್ದುವುದು ಬಹಳವೇ ಇತ್ತು. "ಆ ಮೋಟಾರು ಬದಲಾಗಿ ಮೂರು ವರ್ಷ ಆಯ್ತು." "ಆ ವಾಚ್‌ಮನ್ ತೀರಿಹೋಗಿದ್ದಾನೆ." ತನ್ನ ತಲೆಯಲ್ಲಿದ್ದುದರಲ್ಲಿ ಮೂರರಲ್ಲೊಂದು ಪಾಲು ಹಳಸಿದೆಯೆಂದು ಅಕ್ಕನಿಗೆ ಆಗಲೇ ತಿಳಿದದ್ದು. ಒಂದು ಕಟ್ಟಡಕ್ಕೆ ಅವಳು ಯಾವಾಗಲೂ ಮೊದಲು ಆಳು ಕಳಿಸುತ್ತಿದ್ದುದು ಯಾಕೆ ಎಂದು ಗುಬ್ಬಿ ಕೇಳಿದ. ಆ ಕಟ್ಟಡದ ಯಜಮಾನ ಫೋನಿನಲ್ಲಿ 'ತಾಯಿ' ಎಂದು ಕರೆಯುತ್ತಿದ್ದ, ಅಷ್ಟೇ ಕಾರಣ. "ಸರಿ, ಆ ತಾಯಿಮಗನ ಪ್ರೀತಿ ಬರ್ಕೊಳ್ಳಲ್ಲ," ಎಂದ ಗುಬ್ಬಿ. ನಗಲಿಲ್ಲ.

ಎಣಿಕೆಯನ್ನೂ ಬದಲಿಸಿದರು. ಎಷ್ಟು ಬೇಗ ಹೋದರು ಎನ್ನುವುದು ಕೆಳಗಿನ ಸಾಲಿಗೆ ಇಳಿಯಿತು. ರಿಪೇರಿಯಾದ ಲಿಫ್ಟು ಮೂವತ್ತು ದಿನ ಮತ್ತೆ ನಿಲ್ಲದಿದ್ದರೆ ಮಾತ್ರ ಕೆಲಸ ಮುಗಿದಂತೆ. ಹತ್ತಿರದವನ ಬದಲು ತಕ್ಕವನನ್ನು ಕಳಿಸುವ ಅಧಿಕಾರ ಮೇಜಿನಲ್ಲಿ ಕೂತವನಿಗೆ ಸಿಕ್ಕಿತು, ಕಾರಣ ಬರೆದರೆ ಸಾಕು. ಆರನೆಯ ವಾರದ ಹೊತ್ತಿಗೆ ದಿನದ ದೂರುಗಳು ಇಪ್ಪತ್ತೊಂದಕ್ಕೆ ಇಳಿದಿದ್ದವು. ಬಿಟ್ಟುಹೋದ ಕಟ್ಟಡಗಳಲ್ಲಿ ಒಂದು ಮರಳಿ ಬಂತು. ತಮ್ಮ ಯಾರನ್ನೂ ಕರೆದು ನಿಲ್ಲಿಸಲಿಲ್ಲ, ಚಪ್ಪಾಳೆಯೂ ಇರಲಿಲ್ಲ.

ಆ ಏಳು ವಾರಗಳಲ್ಲಿ ಗುಬ್ಬಿ ಅಕ್ಕನನ್ನು ಅಕ್ಕ ಎಂದು ಕರೆಯಲಿಲ್ಲ. ಅವಳು ತಂದ ಚಹಾ ಮುಟ್ಟಲಿಲ್ಲ. ಕೊನೆಯ ದಿನ, ಕೊನೆಯ ಪುಟವಾದ ಮೇಲೆ, ಗವಸಿನ ಕೈಯನ್ನು ಮೇಜಿನ ಮೇಲಿಟ್ಟ.

"ಒಂದು ಕೇಳ್ಬೇಕು. ಆ ಹಾಳೆ ನಾನೂ ನೋಡಿದ್ದೀನಿ. ಆರು ನಿಮಿಷ ಏನು ಮಾಡ್ತಿದ್ರಿ?"

ಅಕ್ಕ ಇದಕ್ಕೆ ಹಲವು ಉತ್ತರಗಳನ್ನು ಹೊಸೆದಿಟ್ಟುಕೊಂಡಿದ್ದಳು. ಅವನ್ನೆಲ್ಲ ಬದಿಗಿಟ್ಟಳು.

"ಮೇಜು ಒರೆಸ್ದೆ. ನೀರು ಕುಡಿದೆ. ಏನಾದ್ರೂ ಕೆಡಲಿ ಅಂತ ಕಾಯ್ತಿದ್ದೆ. ಕೆಟ್ರೆ ಅವನ ಮುಖ ನೋಡೋ ಆಸೆ ಇತ್ತು. ನಿನ್ನ ನೆನಪು ಆಮೇಲೆ ಬಂತು."

ಗುಬ್ಬಿ ಪರದೆಯನ್ನೇ ನೋಡುತ್ತಿದ್ದ. ಎಲ್ಲೋ ಒಂದು ಕೆಂಪು ಚುಕ್ಕಿ ಹೊತ್ತಿತು. ಅವನು ಆ ಲಿಫ್ಟಿನ ಪುಟ ತೆರೆದು, ಓದಿ, ಮುನಿಯ ಹೆಸರು ಹಾಕಿ, ಕಾರಣ ಬರೆದ.

"ನನ್ನ ಹೆಂಡ್ತಿ ಇನ್ನೂ ನೀವೇ ಜೀವ ಉಳಿಸಿದ್ದು ಅಂದ್ಕೊಂಡಿದ್ದಾಳೆ," ಎಂದ. "ಹಾಗೇ ಅಂದ್ಕೊಂಡಿರ್ಲಿ. ಆದ್ರೆ ಮನೆಗೆ ಮಾತ್ರ ಬರ್ಬೇಡಿ. ಹೊರಡಿ."

ಅವಳು ಚೀಲ ತೆಗೆದುಕೊಂಡು ಹೊರಟಳು. ಮೆಟ್ಟಿಲಿನ ತಿರುವಿನಲ್ಲಿ ತಮ್ಮ ಮೇಲೆ ಬರುತ್ತಿದ್ದ. ಅವತ್ತು ಬೇಗ ಬಂದಿದ್ದ. ಕಿರಿದಾದ ಮೆಟ್ಟಿಲು. ಒಬ್ಬರು ಸರಿಯದೆ ಇನ್ನೊಬ್ಬರು ಹೋಗುವ ಹಾಗಿರಲಿಲ್ಲ. ಇಬ್ಬರೂ ಸರಿಯಲಿಲ್ಲ.

"ಮುಗೀತಾ?"

"ಮುಗೀತು. ಮೂರು ಕಟ್ಟಡ ಕೆಡವಿದ್ದಾರೆ, ಅವನ್ನ ಪಟ್ಟಿಯಿಂದ ತೆಗೆಸು."

"ಅವತ್ತೇ ಹೇಳ್ಬಹುದಿತ್ತು," ಎಂದ ಅವನು. ದನಿ ತಗ್ಗಿಸಿಯೇ ಹೇಳಿದ, ಆದರೆ ಹಲ್ಲು ಕಚ್ಚಿಕೊಂಡಿದ್ದ. "ಇಷ್ಟನ್ನೂ ಅವತ್ತೇ ಹೇಳ್ಬಹುದಿತ್ತು ನೀನು."

"ಅವತ್ತೇ ಕೇಳ್ಬಹುದಿತ್ತು ನೀನು."

"ನಿನ್ನ ಕಾಲು ಹಿಡೀಬೇಕಿತ್ತಾ?"

"ಎದುರು ಕುರ್ಚೀಲಿ ಕೂತಿದ್ರೆ ಸಾಕಿತ್ತು. ನಿಂತೇ ಮಾತಾಡ್ದೆ."

ಅಷ್ಟರಲ್ಲಿ ಕೆಳಗಿನಿಂದ ಕೂಲಿಯವನೊಬ್ಬ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಏದುಸಿರು ಬಿಡುತ್ತಾ ಹತ್ತಿ ಬಂದ. ಮುಂದೆ ಯಾರಿದ್ದಾರೆಂದು ಅವನಿಗೆ ಕಾಣುತ್ತಿರಲಿಲ್ಲ. "ಜಾಗ ಬಿಡಿ ಸ್ವಾಮಿ, ಜಾಗ ಬಿಡಿ, ಭಾರ ಇದೆ," ಎಂದ.

ತಮ್ಮ ಒಂದು ಗೋಡೆಗೆ ಅಂಟಿಕೊಂಡ. ಅಕ್ಕ ಎದುರಿನ ಗೋಡೆಗೆ ಅಂಟಿಕೊಂಡಳು. ಪೆಟ್ಟಿಗೆ ಇಬ್ಬರ ನಡುವೆ ತೆವಳುತ್ತಾ ಮೇಲಕ್ಕೆ ಹೋಯಿತು. ಅದು ದಾಟುವಷ್ಟರಲ್ಲಿ ಅಕ್ಕ ಮೂರು ಮೆಟ್ಟಿಲು ಕೆಳಗಿದ್ದಳು. ತಮ್ಮ ಕರೆಯಲಿಲ್ಲ. ಅವಳು ಬೀದಿಗಿಳಿದು, ಬಸ್ಸು ನಿಲ್ಲುವ ಕಡೆಗೆ ನಡೆದಳು.